ಕುಳಿತವರು, ನಿಂತವರು, ಹೆಸರಿಲ್ಲದವರು

ಬೇಸಿಗೆ ರಜೆ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶಾಲೆ-ಕಾಲೇಜುಗಳ ಅಂಗಳದಲ್ಲಿ ಒಂದಲ್ಲ ಒಂದು ರವಿವಾರ ಶಾಮಿಯಾನ ಏಳುತ್ತದೆ. ‘ಗುರುವಂದನೆ ಹಾಗೂ ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ’ ಎಂಬ ಬ್ಯಾನರು, ಅದರ ಕೆಳಗೆ ಇಂಥ ಸಾಲಿನ ತಂಡದವರು ಎಂಬ ಒಕ್ಕಣೆ, ನಿವೃತ್ತ ಗುರುಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಹೊರಡುವಾಗ ಕೈಗೊಂದು ಕರದಂಟಿನ ಪೊಟ್ಟಣ. ಭಾಷಣಗಳು ತಮ್ಮ ಪಾಡಿಗೆ ನಡೆದಿರುತ್ತವೆ. ಆದರೆ ಯಾರೋ ಒಬ್ಬರು ಮನೆಯ ಗೋಡೆಯಿಂದ ಇಳಿಸಿ ತಂದ, ಕಟ್ಟು ಹಾಕಿಸಿದ ಹಳೆಯ ಗ್ರೂಪ್ ಫೋಟೊ ಚೀಲದಿಂದ ಹೊರಗೆ ಬಂದ ಕೂಡಲೇ ವೇದಿಕೆಯ ಮುಂದಿನ ಕುರ್ಚಿಗಳು ಖಾಲಿಯಾಗುತ್ತವೆ. ‘ಮ್ಯಾಲಿನ ಸಾಲಿನ್ಯಾಗ ಮೂರನೇದಂವಾ ಯಾರಲೇ?’ ಎಂದು ಒಬ್ಬ ಕೇಳಿದರೆ ಹತ್ತು ಬೆರಳುಗಳು ಒಮ್ಮೆಲೇ ಗಾಜಿನ ಮೇಲೆ ಓಡಾಡುತ್ತವೆ. ಉತ್ತರ ಹೊಳೆಯದಿದ್ದಾಗ ಫೋಟೊ ಮುದುಕರಾದ ಗುರುಗಳ ಮುಂದೆ ಹೋಗುತ್ತದೆ. ‘ಸರ, ನೀವ ಹೇಳ್ರಿ.’

ಆ ಫೋಟೊದ ಕೆಳಗಿನ ರಟ್ಟಿನ ಮೇಲೆ ಹೆಸರುಗಳು ಅಚ್ಚಾಗಿದ್ದರೆ ಇಷ್ಟೆಲ್ಲ ಪ್ರಯಾಸವಿಲ್ಲ. ‘ಕುಳಿತವರು (ಎಡದಿಂದ ಬಲಕ್ಕೆ)’, ‘ನಿಂತವರು, ಮೊದಲನೆಯ ಸಾಲು’, ‘ನಿಂತವರು, ಎರಡನೆಯ ಸಾಲು’ ಎಂಬ ಆ ನೀರಸ ಪಟ್ಟಿಯನ್ನು ಓದಿದವರು ಹಿಂದೆ ಕಡಿಮೆ. ಕಲಿತು ಹೋದವರನ್ನು ಮತ್ತೆ ಹುಡುಕಿ ಒಂದೆಡೆ ಸೇರಿಸುವ ಕೆಲಸ ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್‌ಗೆ ಸೇರಿದ ಮೇಲೆ, ಛಾಯಾಚಿತ್ರಗಳು ಲೆಕ್ಕವಿಲ್ಲದಷ್ಟು ಹೆಚ್ಚಿದ ಮೇಲೆ, ಆ ಪಟ್ಟಿಯ ಬೆಲೆ ಗೊತ್ತಾಗುತ್ತಿದೆ. ಏಕೆಂದರೆ ಈಗ ಫೋಟೊಗಳಿಗೆ ಬರವಿಲ್ಲ, ಹೆಸರುಗಳಿಗೆ ಬರ.

ಪದವೀಧರರು ಎಲ್ಲಿ ಹೋದರು?

ಈ ಮೂರು ಊರುಗಳಿಗೆ ವಿಶ್ವವಿದ್ಯಾಲಯ ಎನ್ನುವುದು ಬಹಳ ಕಾಲ ದೂರದ ಮಾತಾಗಿತ್ತು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಬೆಳಗಾವಿ ಜಿಲ್ಲೆ ಇತ್ತು. ಮುಲ್ಕಿ ಪರೀಕ್ಷೆ ಮುಗಿಸಿ, ಮ್ಯಾಟ್ರಿಕ್ ದಾಟಿದ ಕೆಲವೇ ಹುಡುಗರು ಮುಂದೆ ಓದಬೇಕೆಂದರೆ ಕೊಲ್ಹಾಪುರದ ರಾಜಾರಾಮ್ ಕಾಲೇಜು ಅಥವಾ ಪುಣೆಯ ಡೆಕ್ಕನ್, ಫರ್ಗ್ಯುಸನ್ ಕಾಲೇಜುಗಳ ದಾರಿ ಹಿಡಿಯಬೇಕಿತ್ತು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಲಿಂಗರಾಜ ಕಾಲೇಜು ಬಂದದ್ದು 1933ರಲ್ಲಿ. ಆ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರೂ ಹೊರಗೆ ಹೋಗಿ ಪದವಿ ಪಡೆದು ಮರಳಿದ ತರುಣ ಶಿಕ್ಷಕರೇ. 1939ರಲ್ಲಿ ಬೆಳಗಾವಿಗೆ ಬಂದ ಕಾನೂನು ಕಾಲೇಜಿಗೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೂ ಅವರದೇ ಹೆಸರು.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲೇ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. ಅಲ್ಲಿಂದ ಆರು ದಶಕ ಈ ಭಾಗದ ಪದವಿಗಳೆಲ್ಲ ಧಾರವಾಡದ ಮೊಹರಿನವು. 1982ರಲ್ಲಿ ಬೆಳಗಾವಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರ ತೆರೆಯಿತು. 2010ರಲ್ಲಿ ಅದೇ ಕೇಂದ್ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜನ ಪ್ರಮಾಣಪತ್ರ ಮುಂಬಯಿಯದು, ಮಗನದು ಧಾರವಾಡದ್ದು, ಮೊಮ್ಮಗಳದು ಬೆಳಗಾವಿಯದು ಆಗಿರಲು ಸಾಧ್ಯ. ಕಾಲೇಜು ಬದಲಾಗಿಲ್ಲ, ಕಟ್ಟಡ ಬದಲಾಗಿಲ್ಲ, ಬೆಂಚು ಕೂಡ ಬದಲಾಗಿರಲಿಕ್ಕಿಲ್ಲ. ಆದರೂ 2009ರಲ್ಲಿ ಹೊರಬಿದ್ದವನು ಧಾರವಾಡದ ಹಳೆಯ ವಿದ್ಯಾರ್ಥಿ, ಅವನ ತಮ್ಮ ಬೆಳಗಾವಿಯವನು. ಮೂಡಲಗಿ 2018ರಲ್ಲಿ ತಾಲ್ಲೂಕು ಕೇಂದ್ರವಾಗಿ ಗೋಕಾಕದಿಂದ ಬೇರ್ಪಟ್ಟ ಮೇಲೆ ಅರ್ಜಿಗಳಲ್ಲಿ ಬರೆಯುವ ವಿಳಾಸವೂ ಬದಲಾಯಿತು. 2014ರ ನವೆಂಬರ್ 1ರಂದು ಜಿಲ್ಲೆಯ ಇಂಗ್ಲಿಷ್ ಹೆಸರು ‘ಬೆಲ್ಗಾಮ್’ ಹೋಗಿ ಬೆಳಗಾವಿಯಾಯಿತು. ಗಣಕಯಂತ್ರದಲ್ಲಿ ಹೆಸರು ಕೊಟ್ಟು ಹಳೆಯ ಗೆಳೆಯನನ್ನು ಹುಡುಕುವವರಿಗೆ ಇವೆಲ್ಲ ಸಣ್ಣ ತೊಡಕುಗಳಲ್ಲ. ಇನ್ನು ಅಡ್ಡಹೆಸರಿನ ಗೋಜಲು ಬೇರೆ. ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ಊರಿನ ಹೆಸರುಗಳಷ್ಟೇ ಅಲ್ಲ, ಮನೆತನದ ಹೆಸರುಗಳೂ ಹೌದು. ಜ್ಞಾನಪೀಠ ಪುರಸ್ಕೃತ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ.

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರ ಪಯಣ ಇವೆಲ್ಲಕ್ಕಿಂತ ಉದ್ದದ್ದು. ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದ ಅವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಇಂದಿಗೂ ಅವರ ಹೆಸರಿನ ಫೆಲೋಶಿಪ್ ಪಡೆದು ಕರ್ನಾಟಕದ ಅಧ್ಯಾಪಕರು, ಸಂಶೋಧಕರು ಅದೇ ಸಿಡ್ನಿ ಸಸೆಕ್ಸ್‌ಗೆ ಹೋಗಿಬರುತ್ತಾರೆ. ಹಳೆಯ ವಿದ್ಯಾರ್ಥಿಯೊಬ್ಬನ ನಂಟು ಅವನ ಕಾಲಾನಂತರವೂ ಎರಡು ಊರುಗಳ ನಡುವೆ ದಾರಿಯಾಗಿ ಉಳಿದದ್ದಕ್ಕೆ ಈ ಭಾಗದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು. ಇಂಥವರನ್ನು ಯಾರೂ ಹುಡುಕಬೇಕಾಗಿಲ್ಲ. ಹುಡುಕಬೇಕಾದದ್ದು ಅವರ ಸರೀಕರ ಫೋಟೊಗಳಲ್ಲಿ ಅಂಚಿನಲ್ಲಿ ನಿಂತ, ಮುಂದೆ ತಲಾಠಿಯೋ ಕಂಡಕ್ಟರನೋ ಸೈನಿಕನೋ ಆದ ಹುಡುಗನನ್ನು.

ಹಳೆಯವರು, ಮಾಜಿಗಳು

ಕಲಿತು ಹೋದವರಿಗೆ ಇಂಗ್ಲಿಷಿನಲ್ಲಿ ಬಳಸುವ ‘ಅಲುಮ್ನಿ’ ಎಂಬ ಪದ ಲ್ಯಾಟಿನ್ ಮೂಲದ್ದು. ಉಣಿಸಿ ಸಾಕಿದ ಮಗು ಎಂಬುದು ಅದರ ಅರ್ಥ. ಕನ್ನಡದಲ್ಲಿ ‘ಹಳೆಯ ವಿದ್ಯಾರ್ಥಿ’ ಎನ್ನುತ್ತೇವೆ. ಮರಾಠಿಯ ನೆರಳಿರುವ ಬೆಳಗಾವಿ ಕಡೆ ‘ಮಾಜಿ ವಿದ್ಯಾರ್ಥಿ’ ಎಂಬ ಬಳಕೆಯೂ ಉಂಟು. ಮಾಜಿ ಎಂದೊಡನೆ ಮಂತ್ರಿಗಳೇ ನೆನಪಾಗುವುದರಿಂದಲೋ ಏನೋ, ಹಳೆಯ ಎಂಬುದೇ ಗಟ್ಟಿಯಾಗಿ ನಿಂತಿದೆ.

ಇಂಥ ಸಂಘಗಳಲ್ಲಿ ಜಗತ್ತಿನ ಅತ್ಯಂತ ಹಳೆಯದೆಂದು ಹೇಳಲಾಗುವುದು ಅಮೆರಿಕದ ಮ್ಯಾಸಚುಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನದು. 1821ರಲ್ಲಿ ಅದರ ಅಧ್ಯಕ್ಷರೇ ಒಂದಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಆ್ಯಮ್ಹರ್ಸ್ಟ್‌ಗೆ ಹೋಗಿ ಬೇರೆ ಕಾಲೇಜು ಹೂಡಿದಾಗ, ಉಳಿದ ಕಾಲೇಜು ಮುಚ್ಚಿಹೋಗದಂತೆ ತಡೆಯಲು ಹಿಂದೆ ಓದಿದವರು ಒಟ್ಟುಗೂಡಿದರು. ಅಂದರೆ ಈ ಸಂಘಟನೆ ಹುಟ್ಟಿದ್ದು ನೆನಪಿನ ಹಂಬಲದಿಂದಲ್ಲ, ಗಂಡಾಂತರದಿಂದ. ನಮ್ಮಲ್ಲಿಯೂ ಶಾಲೆಯ ಗೋಡೆ ಬಿರುಕು ಬಿಟ್ಟಾಗ, ಅಮೃತ ಮಹೋತ್ಸವಕ್ಕೆ ದೇಣಿಗೆ ಬೇಕಾದಾಗಲೇ ಹಳೆಯ ವಿದ್ಯಾರ್ಥಿಗಳು ನೆನಪಾಗುವುದು ಹೆಚ್ಚು.

ನೆನಪಾದವರನ್ನು ತಲುಪುವುದು ಹೇಗೆ? ಮೊಬೈಲು ಬರುವವರೆಗೂ ಅಂಚೆ ಕಾರ್ಡೇ ಗತಿ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಂದೆರಡು ಪುಟ ಹಳೆಯ ವಿದ್ಯಾರ್ಥಿಗಳಿಗೆ ಮೀಸಲಿಟ್ಟರೆ ಅದೇ ದೊಡ್ಡದು. ವಿಳಾಸವೆಂದರೆ ಪ್ರವೇಶದ ದಿನ ಜನರಲ್ ರಜಿಸ್ಟರಿನಲ್ಲಿ ಬರೆಸಿದ ಊರಿನದು. ಹುಡುಗ ಸಾಂಗಲಿಗೋ ಮುಂಬಯಿಗೋ ಹೋಗಿ ಹತ್ತು ವರ್ಷವಾದರೂ ಕಾರ್ಡು ಹೋಗುವುದು ಊರಿಗೇ. ಮನೆಯಲ್ಲಿ ಅಪ್ಪನೋ ಅಣ್ಣನೋ ಇದ್ದರೆ ಸುದ್ದಿ ಮುಟ್ಟೀತು. ರಜಿಸ್ಟರಿನಲ್ಲಿ ಹುಟ್ಟಿದ ದಿನ, ತಂದೆಯ ಹೆಸರು, ಜಾತಿ, ಊರು ಎಲ್ಲವೂ ಇದೆ, ಮುಖವೊಂದಿಲ್ಲ. ಗ್ರೂಪ್ ಫೋಟೊದಲ್ಲಿ ಮುಖವಿದೆ, ಬೇರೇನೂ ಇಲ್ಲ. ಎರಡನ್ನೂ ಜೋಡಿಸುತ್ತಿದ್ದುದು ರಟ್ಟಿನ ಮೇಲಿನ ಆ ಹೆಸರಿನ ಪಟ್ಟಿ.

ವರ್ಷಕ್ಕೊಂದೇ ಫೋಟೊ

ಗ್ರೂಪ್ ಫೋಟೊ ತೆಗೆಸುವುದೆಂದರೆ ಅಂದು ಒಂದು ಇಡೀ ದಿನದ ಸಂಭ್ರಮ. ವಾರ್ಷಿಕ ಸ್ನೇಹ ಸಮ್ಮೇಳನವೋ ಬೀಳ್ಕೊಡುಗೆಯೋ ಮುಗಿಯುವ ಹೊತ್ತಿಗೆ ಪೇಟೆಯ ಸ್ಟುಡಿಯೋದವರು ಮೂರು ಕಾಲಿನ ಸ್ಟ್ಯಾಂಡು, ಕರಿಯ ಬಟ್ಟೆ ಹೊತ್ತು ಬರುತ್ತಿದ್ದರು. ಕುರ್ಚಿಗಳು ಆಫೀಸಿನಿಂದ, ಬೆಂಚುಗಳು ವರ್ಗದಿಂದ. ನಡುವೆ ಪ್ರಾಚಾರ್ಯರು, ಆಚೆ ಈಚೆ ಹಿರಿತನದ ಮೇಲೆ ಅಧ್ಯಾಪಕರು, ನೆಲದ ಮೇಲೆ ಜಮಖಾನೆ ಹಾಸಿ ಚಿಕ್ಕವರು, ಹಿಂದೆ ಬೆಂಚಿನ ಮೇಲೆ ಎತ್ತರದವರು. ಪಟ್ಟೇವಾಲಾ ಒಂದು ತುದಿಯಲ್ಲಿ. ಹುಡುಗಿಯರಿದ್ದರೆ ಒಂದೇ ಕಡೆ ಗುಂಪಾಗಿ. ಯಾರು ಎಲ್ಲಿ ಕುಳಿತರು ಎಂಬುದನ್ನು ನೋಡಿದರೆ ಆ ಕಾಲದ ಊರಿನ ರೀತಿಯೇ ತಿಳಿದೀತು. ಪ್ರವಾಸದ ಫೋಟೊಗಳಲ್ಲಿ ಮಾತ್ರ ಈ ಶಿಸ್ತು ಸಡಿಲ. 52 ಮೀಟರ್ ಎತ್ತರದಿಂದ ಘಟಪ್ರಭೆ ಧುಮುಕುವ ಗೋಕಾಕ ಫಾಲ್ಸಿನ ತೂಗುಸೇತುವೆಯ ಮುಂದೆ ನಿಂತಾಗ ಮಾಸ್ತರರೂ ನಕ್ಕಿರುತ್ತಾರೆ.

ಗಾಜಿನ ಫಲಕದ ಅಥವಾ ದೊಡ್ಡ ಅಳತೆಯ ಫಿಲ್ಮಿನ ನೆಗೆಟಿವ್ ಆದ್ದರಿಂದ ಎಂಬತ್ತು ಜನರಿದ್ದರೂ ಒಬ್ಬೊಬ್ಬರ ಅಂಗಿಯ ಗುಂಡಿ ಎಣಿಸಬಹುದಿತ್ತು. ಪ್ರತಿಯೊಂದು ಪ್ರತಿಗೂ ಹಣ ಕೊಡಬೇಕಾದ್ದರಿಂದ ಹೆಸರು ಕೊಡುವುದರಲ್ಲೂ ಕಾಳಜಿ. ವರ್ಗದ ಮುಖ್ಯಸ್ಥ ಹಾಳೆಯೊಂದರಲ್ಲಿ ಸಾಲು ಸಾಲಾಗಿ ಬರೆದುಕೊಟ್ಟದ್ದನ್ನು ಸ್ಟುಡಿಯೋದವರು ಅಚ್ಚು ಹಾಕಿಸಿಯೋ ಕೈಯಿಂದಲೇ ಬರೆಸಿಯೋ ರಟ್ಟಿಗೆ ಅಂಟಿಸುತ್ತಿದ್ದರು. ಹೆಸರು ತಪ್ಪಾದರೆ ಜಗಳ, ಬಿಟ್ಟುಹೋದರೆ ದೊಡ್ಡ ಜಗಳ. ಬಾರದವರ ಹೆಸರನ್ನೂ ‘ಗೈರುಹಾಜರಾದವರು’ ಎಂದು ಕೆಳಗೆ ಸೇರಿಸುವ ಸೌಜನ್ಯ ಕೆಲವೆಡೆ ಇತ್ತು. ಫೋಟೊದಲ್ಲಿಲ್ಲದವನೂ ಫೋಟೊದ ಲೆಕ್ಕದಲ್ಲಿ ಇರುತ್ತಿದ್ದ.

ಒಂದು ವಿಚಿತ್ರವೆಂದರೆ ಹಳೆಯವೇ ಹೆಚ್ಚು ಬಾಳಿವೆ. ಕಪ್ಪು-ಬಿಳುಪಿನ ಚಿತ್ರದಲ್ಲಿರುವುದು ಬೆಳ್ಳಿಯ ಕಣ, ಚೆನ್ನಾಗಿ ತೊಳೆದಿದ್ದರೆ ನೂರು ವರ್ಷಕ್ಕೂ ಅಳುಕದು. 1970 ಮತ್ತು 80ರ ದಶಕಗಳ ಬಣ್ಣದ ಪ್ರತಿಗಳಲ್ಲಿರುವುದು ಸಾವಯವ ಬಣ್ಣ. ಅದು ಬೆಳಕಿಗೆ, ಬಿಸಿಲಿಗೆ ಮಾಸಿ ಕೆಂಪಗಾಗುತ್ತದೆ. ಹೀಗಾಗಿ ತಂದೆಯ ಮುಖ ನಿಚ್ಚಳವಾಗಿ, ಮಗನ ಮುಖ ಮಬ್ಬಾಗಿ ಒಂದೇ ಗೋಡೆಯ ಮೇಲೆ ತೂಗುತ್ತಿರುತ್ತವೆ.

ಆದರೆ ನೀರಿನ ಮುಂದೆ ಎರಡೂ ಒಂದೇ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಒಟ್ಟಿಗೆ ಉಕ್ಕಿದಾಗ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಮೂಡಲಗಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳೂ ಜಲಾವೃತವಾದವು. ಇಂಥ ಹೊತ್ತಿನಲ್ಲಿ ಜನ ಎತ್ತಿಕೊಂಡು ಓಡುವುದು ಮಕ್ಕಳನ್ನು, ಕಾಗದಪತ್ರವನ್ನು, ದನಕರುಗಳನ್ನು. ಗೋಡೆಯ ಮೇಲಿನ ಫೋಟೊ ಅಲ್ಲೇ ಉಳಿಯುತ್ತದೆ. ಚಿತ್ರವನ್ನು ಹಿಡಿದಿರುವ ಜಿಲೆಟಿನ್ ಪದರು ನೆನೆದರೆ ಮೆದುವಾಗಿ ಚೌಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಕಿತ್ತರೆ ಮುಖಗಳು ಗಾಜಿನ ಪಾಲಾಗುತ್ತವೆ. ತಿಳಿದವರು ಹಾಗೆ ಕೀಳುವುದಿಲ್ಲ, ಗಾಜಿನ ಸಮೇತವೇ ಇನ್ನೊಂದು ಫೋಟೊ ತೆಗೆದಿಡುತ್ತಾರೆ. ರಟ್ಟಿನ ಮೇಲಿನ ಹೆಸರುಗಳಂತೂ ಶಾಯಿಯಲ್ಲಿ ಬರೆದದ್ದಾದರೆ ನೀರಿನಲ್ಲಿ ಕರಗಿಹೋದಂತೆಯೇ.

ಹಳೆಯ ಮುಖಗಳ ಹೊಸ ಕಟ್ಟೆ

ಫೇಸ್‌ಬುಕ್ ಎಂಬ ಹೆಸರು ಬಂದದ್ದೇ ಕಾಲೇಜಿನಿಂದ. ಅಮೆರಿಕದ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳ ಭಾವಚಿತ್ರ ಮತ್ತು ಹೆಸರು ಅಚ್ಚು ಮಾಡಿ ಹಂಚುತ್ತಿದ್ದ ಪುಸ್ತಕಕ್ಕೆ ಆ ಹೆಸರಿತ್ತು. 2004ರಲ್ಲಿ ಹಾರ್ವರ್ಡಿನಲ್ಲಿ ಅದರ ವಿದ್ಯುನ್ಮಾನ ರೂಪ ಹುಟ್ಟಿತು. ಅದೇ ವರ್ಷ ಗೂಗಲ್‌ನ ಆರ್ಕುಟ್ ಬಂದು ಭಾರತದಲ್ಲಿ ಮನೆಮಾತಾಯಿತು. ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕುಳಿತ ಹುಡುಗರು ತಮ್ಮ ತಮ್ಮ ಕಾಲೇಜಿನ ಹೆಸರಿನಲ್ಲಿ ‘ಕಮ್ಯುನಿಟಿ’ಗಳನ್ನು ಕಟ್ಟಿದ್ದು ಅಲ್ಲಿಯೇ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಸಾರ್ವಜನಿಕ ಸಮುದಾಯಗಳ ಸಂಗ್ರಹವನ್ನು ಕೆಲಕಾಲ ಇಟ್ಟು ಆಮೇಲೆ ಅದನ್ನೂ ತೆಗೆಯಲಾಯಿತು. ಹತ್ತು ವರ್ಷಗಳ ಹರಟೆ, ಚಿತ್ರ, ವಿಳಾಸಗಳನ್ನು ಮೊದಲೇ ಇಳಿಸಿಟ್ಟುಕೊಂಡವರು ಎಷ್ಟು ಮಂದಿ! ಗೋಡೆಯ ಮೇಲಿನ ಫೋಟೊ ಒಯ್ಯಲು ಘಟಪ್ರಭೆಗೆ ಪ್ರವಾಹ ಬರಬೇಕು. ಇದಕ್ಕೆ ಒಂದು ಪ್ರಕಟಣೆ ಸಾಕಾಯಿತು.

2016ರಿಂದ ಮೊಬೈಲ್ ಇಂಟರ್ನೆಟ್ ಅಗ್ಗವಾದ ಮೇಲೆ ವಾಟ್ಸ್‌ಆ್ಯಪ್ ಹಳ್ಳಿಗಳಿಗೂ ಬಂತು. ಈಗ ಸ್ನೇಹ ಸಮ್ಮಿಲನಗಳ ಹಿಂದೆ ಇರುವುದು ಬಹುಪಾಲು ಅದೇ. ಮೊದಲು ನಾಲ್ವರು, ಅವರಿಗೆ ಗೊತ್ತಿದ್ದ ಹತ್ತು ಜನ, ಆ ಹತ್ತು ಜನರಿಂದ ಇನ್ನಷ್ಟು. ಅಂಚೆ ಕಾರ್ಡಿನಿಂದ ಆಗದ ಕೆಲಸ ಹದಿನೈದು ದಿನದಲ್ಲಿ ಆಗುತ್ತದೆ. ಪುಣೆಯಲ್ಲಿರುವವನು, ದುಬೈಯಲ್ಲಿರುವವನು, ಪಕ್ಕದ ಓಣಿಯಲ್ಲೇ ಇದ್ದೂ ಮಾತು ಬಿಟ್ಟಿದ್ದವನು, ಎಲ್ಲರೂ ಒಂದೇ ಕಟ್ಟೆಗೆ ಬರುತ್ತಾರೆ. ಇದನ್ನು ಯಾರೂ ಕಡೆಗಣಿಸುವಂತಿಲ್ಲ.

ಆದರೆ ಫೋಟೊದ ಗತಿ? ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗಿಯೇ ಹೋಗುತ್ತದೆ. ಉದ್ದಕ್ಕೆ ಸುಮಾರು 1600 ಬಿಂದುಗಳು ಉಳಿಯುತ್ತವೆ ಎನ್ನೋಣ. ಒಂದು ಸಾಲಿನಲ್ಲಿ ಇಪ್ಪತ್ತು ಜನ ನಿಂತಿದ್ದರೆ ಒಬ್ಬೊಬ್ಬರಿಗೆ ಸಿಕ್ಕಿದ್ದು ಎಂಬತ್ತು ಬಿಂದು, ಅದರಲ್ಲಿ ಮುಖಕ್ಕೆ ಅರ್ಧ. ಗಾಜಿನ ಫಲಕದಲ್ಲಿ ಅಂಗಿಯ ಗುಂಡಿ ಕಾಣುತ್ತಿತ್ತು, ಇಲ್ಲಿ ಬೆರಳಿಂದ ಹಿಗ್ಗಿಸಿದರೆ ಮೂಗೂ ಕಾಣದು. 2023ರಲ್ಲಿ ಹೆಚ್ಚಿನ ಸ್ಪಷ್ಟತೆಯ ಚಿತ್ರ ಕಳಿಸುವ ಸೌಕರ್ಯ ಬಂದಿದೆ, ಅದಕ್ಕಾಗಿ ಪ್ರತ್ಯೇಕ ಗುಂಡಿ ಒತ್ತಬೇಕು. ಕ್ಯಾಮೆರಾ ತಾನಾಗಿಯೇ ಚಿತ್ರದೊಳಗೆ ಬರೆದಿಡುವ ದಿನಾಂಕ, ಸ್ಥಳದ ಮಾಹಿತಿಯೂ ಹೀಗೆ ಕಳಿಸುವಾಗ ಉದುರಿಹೋಗುತ್ತದೆ.

ಕಾಲೇಜುಗಳು ತೆಗೆಯುವ ಅಧಿಕೃತ ಫೋಟೊಗಳ ಕಥೆ ಇನ್ನೂ ಸ್ವಾರಸ್ಯದ್ದು. 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನ್ಯಾಕ್ ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ಸಂಸ್ಥೆ. 2017ರಲ್ಲಿ ಬಂದ ಅದರ ಪರಿಷ್ಕೃತ ಪದ್ಧತಿಯಲ್ಲಿ ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘ ಇದೆಯೇ, ಅದು ಕಾಲೇಜಿಗೆ ಏನು ಕೊಟ್ಟಿದೆ ಎಂಬ ಪ್ರಶ್ನೆಗಳಿದ್ದವು. ಸಂಘಗಳ ನೋಂದಣಿಗೆ ಕಾಲೇಜುಗಳು ಮುಂದಾದದ್ದರ ಹಿಂದೆ ಈ ಅಂಕಗಳ ಒತ್ತಡವೂ ಇದೆ. ಕಾರ್ಯಕ್ರಮ ನಿಜವಾಗಿ ನಡೆಯಿತೆಂಬುದಕ್ಕೆ ಸ್ಥಳಮುದ್ರೆಯುಳ್ಳ ಫೋಟೊ ಪುರಾವೆ. ಹಾಗಾಗಿ ಕಾಲೇಜಿನ ಚಿತ್ರಗಳ ಕೆಳಭಾಗದಲ್ಲಿ ಸಣ್ಣ ನಕ್ಷೆ, ಊರು, ತಾರೀಖು, ಗಂಟೆ, ನಿಮಿಷ, ಅಕ್ಷಾಂಶ, ರೇಖಾಂಶ ಎಲ್ಲವೂ ಅಚ್ಚಾಗಿರುತ್ತವೆ. ಗೋಕಾಕವಾದರೆ ಉತ್ತರಕ್ಕೆ 16 ಡಿಗ್ರಿಯ ಮೇಲಿಷ್ಟು, ಪೂರ್ವಕ್ಕೆ 74 ಡಿಗ್ರಿಯ ಮೇಲಿಷ್ಟು. ಭೂಮಿಯ ಮೇಲೆ ಆ ಜನ ಯಾವ ಬಿಂದುವಿನಲ್ಲಿ, ಯಾವ ನಿಮಿಷದಲ್ಲಿ ನಿಂತಿದ್ದರೆಂಬುದು ಕರಾರುವಾಕ್ಕಾಗಿ ಗೊತ್ತು. ಆ ಜನ ಯಾರೆಂಬುದು ಮಾತ್ರ ಎಲ್ಲಿಯೂ ಇಲ್ಲ. ಹಿಂದಿನ ಸ್ಟುಡಿಯೋದವರು ಒಂದು ಹಾಳೆ, ಒಂದು ಪೆನ್ನಿನಲ್ಲಿ ಮಾಡಿದ ಕೆಲಸವನ್ನು ಉಪಗ್ರಹಗಳು ಸೇರಿ ಮಾಡಲಾಗಿಲ್ಲ.

ವಿಪರ್ಯಾಸವೆಂದರೆ, ಹೆಸರು ಕಳೆಯುವ ಇದೇ ವಾಟ್ಸ್‌ಆ್ಯಪ್ ಹೆಸರು ಹುಡುಕುವುದರಲ್ಲಿ ಬಲು ಚುರುಕು. ಹೆಸರಿಲ್ಲದ ಹಳೆಯ ಫೋಟೊವನ್ನು ರಾತ್ರಿ ಊಟವಾದ ಮೇಲೆ ಗುಂಪಿಗೆ ಹಾಕಿದರೆ ಮಲಗುವಷ್ಟರಲ್ಲಿ ಅರ್ಧಕ್ಕರ್ಧ ಜನ ಪತ್ತೆಯಾಗಿರುತ್ತಾರೆ. ‘ಅಂವಾ ನಮ್ಮ ಕಾಕಾನ ಮಗಾ ಅಲ್ಲೇನ್ರೀ’, ‘ಅಲ್ಲೋ, ಅಂವಾ ಕುಂಟಾಬಿಲ್ಲಿ ಆಡಾಗ ಕಾಲ ಮುರಕೊಂಡಂವಾ’ ಎಂದು ವಾದ ಬೆಳೆದು ಕೊನೆಗೆ ನಿವೃತ್ತ ಗುರುಗಳ ಧ್ವನಿಸಂದೇಶದಿಂದ ತೀರ್ಮಾನವಾಗುತ್ತದೆ. ಮರುದಿನ ಬೆಳಿಗ್ಗೆ ಸುಪ್ರಭಾತದ ಹೂಗಳು, ಹುಟ್ಟುಹಬ್ಬದ ಶುಭಾಶಯಗಳು, ರಾಜಕೀಯ ಜಗಳಗಳು ಬಂದು ಆ ಹೆಸರುಗಳ ಮೇಲೆ ಕುಳಿತುಕೊಳ್ಳುತ್ತವೆ. ಮೊಬೈಲು ಬದಲಾದರೆ ಅಷ್ಟೂ ಹೋಯಿತು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ಸುಮಾರು 3,000 ಹಳೆಯ ಚಿತ್ರಗಳನ್ನು ಫ್ಲಿಕರ್ ಎಂಬ ತಾಣದಲ್ಲಿ ಹಾಕಿ, ಗೊತ್ತಿದ್ದವರು ಮಾಹಿತಿ ಕೊಡಿ ಎಂದು ಕೇಳಿತು. ಅಲ್ಲಿಯೂ ಹೀಗೆಯೇ ಜನ ಮುಗಿಬಿದ್ದು ಮುಖ, ಊರು, ವರ್ಷಗಳನ್ನು ಗುರುತಿಸಿದರು. ಆದರೆ ಗ್ರಂಥಾಲಯದವರು ಸುಮ್ಮನೆ ಕೂರಲಿಲ್ಲ. ಬಂದ ಉತ್ತರಗಳನ್ನು ಪರಿಶೀಲಿಸಿ, ಸರಿಯಾದುದನ್ನು ತಮ್ಮ ಸೂಚಿಪಟ್ಟಿಗೆ ಬರೆದುಕೊಂಡರು. ಒಂದು ವರ್ಷ ತುಂಬುವ ಮೊದಲೇ 500ಕ್ಕೂ ಹೆಚ್ಚು ದಾಖಲೆಗಳು ತಿದ್ದುಪಡಿಯಾದವು. ಗೋಕಾಕದ ಗುಂಪಿಗೂ ಆ ಗ್ರಂಥಾಲಯಕ್ಕೂ ಜಾಣತನದಲ್ಲಿ ವ್ಯತ್ಯಾಸವಿಲ್ಲ, ಉತ್ತರ ಬಂದ ಮೇಲೆ ಬರೆದಿಟ್ಟುಕೊಳ್ಳುವವನು ಒಬ್ಬನಿದ್ದ ಎಂಬುದಷ್ಟೇ ವ್ಯತ್ಯಾಸ. ಇಲ್ಲಿ ಬೇಕಾದದ್ದು ಒಂದು ಗೆರೆಪಟ್ಟಿಯ ವಹಿ, ಫೋಟೊದ ಹಿಂಬದಿಗೆ ಮೆತ್ತಗೆ ಬರೆಯಲು ಒಂದು ಸೀಸದ ಕಡ್ಡಿ. ಎಪ್ಪತ್ತು ದಾಟಿದ ಗುರುಗಳು ಇರುವಾಗಲೇ ಅದು ಆಗಬೇಕಾದ ಕೆಲಸ, ಏಕೆಂದರೆ ‘ಸರ, ನೀವ ಹೇಳ್ರಿ’ ಎಂದು ಕೇಳಿಸಿಕೊಳ್ಳುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಈ ಹುಡುಕಾಟದಲ್ಲಿ ಎಲ್ಲರಿಗಿಂತ ಕೊನೆಗೆ ಸಿಗುವವರು ಹೆಣ್ಣುಮಕ್ಕಳು. ಈ ಭಾಗದ ರೂಢಿಯಲ್ಲಿ ಹೆಸರೆಂದರೆ ಮೂರು ತುಂಡು: ತನ್ನದು, ತಂದೆಯದು, ಮನೆತನದ್ದು. ಮದುವೆಯಾದ ಮೇಲೆ ತಂದೆಯ ಜಾಗಕ್ಕೆ ಗಂಡನ ಹೆಸರು ಬರುತ್ತದೆ, ಮನೆತನದ ಜಾಗಕ್ಕೆ ಗಂಡನ ಮನೆತನ. ಎಷ್ಟೋ ಮನೆಗಳಲ್ಲಿ ಮೊದಲ ಹೆಸರನ್ನೂ ಬದಲಿಸುತ್ತಿದ್ದರು. 1985ರ ಫೋಟೊದ ಕೆಳಗೆ ‘ಕುಮಾರಿ’ ಎಂದು ಅಚ್ಚಾದ ಹೆಸರಿನವಳು ಫೇಸ್‌ಬುಕ್‌ನಲ್ಲಿ ಇದ್ದರೂ ಆ ಹೆಸರಿನಲ್ಲಿ ಇಲ್ಲ. ಊರೂ ಬೇರೆ, ಒಮ್ಮೊಮ್ಮೆ ಭಾಷೆಯೂ ಬೇರೆ: ಗಡಹಿಂಗ್ಲಜ, ಕೊಲ್ಹಾಪುರದ ಕಡೆ ಕೊಟ್ಟವರು ಅಲ್ಲಿ ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ಅವರನ್ನು ಹುಡುಕುವ ದಾರಿ ಯಂತ್ರದಲ್ಲಿಲ್ಲ. ತವರಿಗೆ ಹೋಗಿ, ಅಣ್ಣನನ್ನೋ ಅತ್ತಿಗೆಯನ್ನೋ ಕೇಳಿ, ನಂಬರು ತರಬೇಕು. ಸಿಕ್ಕ ಮೇಲೆ ಗೆಳತಿಯರು ಆ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವುದು ರಟ್ಟಿನ ಮೇಲಿನ ಹಳೆಯ ಹೆಸರಿನಲ್ಲಿಯೇ, ತವರಿನ ಅಡ್ಡಹೆಸರಿನ ಸಮೇತ.